ಪಾಲಕ್ ಬಿಲ್ಲೆ ಕೊನೆಗೂ ತೇಲಿತು: ನನ್ನ ಅನುಭವ

ದ್ಯುತಿಸಂಶ್ಲೇಷಣೆ ಪಾಠಕ್ಕೆ ಹೈಡ್ರಿಲಾ ಎಂಬ ನೀರುಗಿಡ, ಆಲಿಕೆ, ಪ್ರನಾಳ ಇಟ್ಟು ಕಾದು ಸುಸ್ತಾದ ಮೇಷ್ಟ್ರು ನಾನೊಬ್ಬನೇ ಅಲ್ಲ, ಅಲ್ವಾ? ಜುಲೈ ಮೋಡದಲ್ಲಿ ಆಕ್ಸಿಜನ್ ಗುಳ್ಳೆಯೇ ಏಳುವುದಿಲ್ಲ. ಎದ್ದರೂ 40 ನಿಮಿಷದ ಪಿರಿಯಡ್‌ನಲ್ಲಿ ಪ್ರನಾಳದ ತುದಿ ಕೂಡ ತುಂಬುವುದಿಲ್ಲ. ಒಡೆದ ಆಲಿಕೆಗಳಿಗೇ ನನ್ನ ಕೈಯಿಂದ 700-800 ರೂಪಾಯಿ ಹೋಗಿದೆ.

ಎಲೆ ಬಿಲ್ಲೆ ತೇಲಿಸುವ ಪ್ರಯೋಗಕ್ಕೆ ಕೈ ಹಾಕಿದಾಗ, "ಅದೆಲ್ಲ ವಿಡಿಯೋದಲ್ಲಿ ಮಾತ್ರ ಆಗುತ್ತೆ" ಎಂದರು ಸ್ಟಾಫ್ ರೂಮಿನಲ್ಲಿ. ಈಗ ಅವರೇ ನನ್ನ ಸಿರಿಂಜ್ ಕೇಳಿಕೊಂಡು ಬರುತ್ತಾರೆ.

ವಿಧಾನ ಇಷ್ಟೇ. ಪಂಚ್‌ನಿಂದ ಕತ್ತರಿಸಿದ 10 ಪಾಲಕ್ ಬಿಲ್ಲೆ, ಅಡುಗೆ ಸೋಡಾ ಕರಗಿಸಿದ ನೀರು ಸಿರಿಂಜಿಗೆ ಹಾಕಿ, ಬಾಯಿಗೆ ಬೆರಳಿಟ್ಟು ಎಳೆಯುವುದು. ಎಲೆಯೊಳಗಿನ ಗಾಳಿ ಹೊರಬಂದು ಬಿಲ್ಲೆ ಮುಳುಗುತ್ತದೆ. ಬೆಳಕಿಗೆ ಇಟ್ಟರೆ ಎಲೆ ಮಾಡುವ ಆಕ್ಸಿಜನ್ ತುಂಬಿಕೊಂಡು ಮತ್ತೆ ತೇಲುತ್ತದೆ. ಮೊದಲ ತಿಂಗಳು ನನ್ನ ಬಿಲ್ಲೆಗಳು ಮುಳುಗಲೇ ಇಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ಮೇಲೆ ಮುಳುಗಿದವು. ಎರಡು ಹನಿ ಹಾಕಿದರೆ ನೊರೆ ಬಂದು ಎಲ್ಲ ಹಾಳು.

ಆಮೇಲೆ ಇನ್ನೊಂದು ಪೇಚಾಟ. ಬಿಲ್ಲೆಗಳು ಐದೇ ನಿಮಿಷಕ್ಕೆ ಮೇಲೆ ಬಂದವು, ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಅನುಮಾನ ಬಂತು. ಸ್ಟೀಲ್ ಡಬ್ಬಿ ಮುಚ್ಚಿ ಕತ್ತಲೆಯಲ್ಲಿ ಇಟ್ಟಿದ್ದ ಲೋಟ ತೆರೆದು ನೋಡಿದರೆ ಅಲ್ಲೂ ತೇಲುತ್ತಿವೆ! ಅಂಗಡಿಯಲ್ಲಿ ಅಡುಗೆ ಸೋಡಾ ಬದಲು ಬೇಕಿಂಗ್ ಪೌಡರ್ ಕೊಟ್ಟಿದ್ದರು. ಅದರದೇ ಗುಳ್ಳೆ ಬಿಲ್ಲೆಗೆ ಅಂಟಿ ಮೇಲೆತ್ತಿತ್ತು. ಕತ್ತಲೆಯ ಲೋಟ ಇಡದೆ ಈ ಪ್ರಯೋಗ ಮಾಡಲೇಬೇಡಿ.

ಬೆಳಕಿಗೆ ಮೊದಲು ಹಳೆಯ 60 ವ್ಯಾಟ್ ಬಲ್ಬ್ ಇಟ್ಟೆ. ನೀರು ಬೆಚ್ಚಗಾಗಿ ಬಿಲ್ಲೆ ಮೆತ್ತಗಾದವು. 120 ರೂಪಾಯಿ ಕೊಟ್ಟು ಎಲ್ಇಡಿ ತಂದೆ. ಲೀಟರಿಗೆ ಸುಮಾರು 2 ಗ್ರಾಂ ಸೋಡಾ, ಬಲ್ಬ್ ಒಂದು ಗೇಣು ದೂರ. 12-13 ನಿಮಿಷಕ್ಕೆ 10ರಲ್ಲಿ 8 ಮೇಲೆ. ಸಿರಿಂಜ್, ಸೊಪ್ಪು ಸೇರಿ ಒಟ್ಟು ಖರ್ಚು 200 ದಾಟಿಲ್ಲ. ಬೇಸಿಗೆಯಲ್ಲಿ ಬಾಡಿದ ಪಾಲಕ್ ಸಿಕ್ಕರೆ ಹಿಂದಿನ ರಾತ್ರಿಯೇ ಅದಕ್ಕೊಂದು ಉಪಚಾರ ಮಾಡುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ ಬೇರೆ ಎಲೆಗಳನ್ನೂ ನೋಡಿದೆ. ದೊಡ್ಡಪತ್ರೆ ರೋಮದ ಎಲೆ, ಗಾಳಿ ಬಿಡುವುದಿಲ್ಲ. ಕೆಸುವಿನ ಎಲೆಗೆ ನೀರೇ ಅಂಟುವುದಿಲ್ಲ. ಬಲ್ಬಿಗೆ ಹಸಿರು ಗಿಫ್ಟ್ ಪೇಪರ್ ಸುತ್ತಿದರೆ ಅರ್ಧ ಗಂಟೆಯಾದರೂ ಎರಡು ಮೂರೇ ಮೇಲೆ ಬಂದವು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ. ತೇಲಿದ ಬಿಲ್ಲೆಗಳ ಮೇಲೆ ಡಬ್ಬಿ ಮುಚ್ಚಿದೆ. 20 ನಿಮಿಷ ಬಿಟ್ಟು ತೆಗೆದರೆ ಆರು ಬಿಲ್ಲೆ ಮತ್ತೆ ತಳದಲ್ಲಿ. ಎಲೆ ತಾನು ಮಾಡಿದ ಆಕ್ಸಿಜನ್ ತಾನೇ ಉಸಿರಾಡಿ ಮುಗಿಸಿತ್ತು. ಗಿಡ ರಾತ್ರಿ ಉಸಿರಾಡುತ್ತದೆ ಎಂದು ಎಷ್ಟು ಸಲ ಹೇಳಿದರೂ ನಂಬದ ಮಕ್ಕಳು ಅಂದು ನಂಬಿದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಆ ಆಕ್ಸಿಜನ್ ಸೋಡಾದಿಂದ ಬಂತಾ?" ಒಳ್ಳೆಯ ಪ್ರಶ್ನೆ. 1941ರಲ್ಲಿ ವಿಜ್ಞಾನಿಗಳಾದ ರೂಬೆನ್, ಕೇಮನ್ ಮತ್ತು ಜೊತೆಗಾರರು ಭಾರದ ಆಕ್ಸಿಜನ್ (ಸಾಮಾನ್ಯ ಆಕ್ಸಿಜನ್‌ಗಿಂತ ತೂಕದ, ಗುರುತು ಹಿಡಿಯಬಹುದಾದ ಬಗೆ) ಇರುವ ನೀರನ್ನು ಪಾಚಿಗೆ ಕೊಟ್ಟು ಪರೀಕ್ಷಿಸಿದ ಕಥೆ ಹೇಳಿದೆ. ಬಂದದ್ದು ನೀರಿನಿಂದಲೇ. "ಹಾಗಾದರೆ ಸೋಡಾ ಯಾಕೆ ಬೇಕು?" ಎಂದಳು. ಮರುದಿನ ಕುದಿಸಿ ಆರಿಸಿದ ನೀರಿನಲ್ಲಿ, ಸೋಡಾ ಇಲ್ಲದೆ, ಅವಳ ಕೈಯಿಂದಲೇ ಮಾಡಿಸಿದೆ. ಅರ್ಧ ಗಂಟೆ ಕಾದೆವು. ಸೋಡಾದಿಂದ ಸಿಗಬೇಕಾದ ಕಾರ್ಬನ್ ಡೈಆಕ್ಸೈಡ್ ಇಲ್ಲದೆ ಒಂದು ಬಿಲ್ಲೆಯೂ ಮೇಲೆ ಬರಲಿಲ್ಲ.