ಗೌರಿ ಹೂವಿಂದ ದೀಪಾವಳಿವರೆಗೆ: ಮೈಸೂರಲ್ಲಿ ನಾನು ಹಕ್ಕಿ, ಗಿಡ ನೋಡೋ ಬಗೆ

ಮೈಸೂರಲ್ಲಿ ಹಕ್ಕಿ ನೋಡೋರು ಸುಮಾರು ಜನ ಹದಿನಾರು ಅನ್ನೋ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತು ಯಾವಾಗ ಬರತ್ತೆ ಅಂತ ಕಾಯ್ತಾ ಕೂತಿರ್ತಾರೆ, ಅದು ಚಳಿ ಬಿದ್ಮೇಲಿನ ಮಾತು. ನನ್ನ ಕೇಳಿದ್ರೆ ಅಸಲಿ ಮಜಾ ಅದಕ್ಕೂ ಮುಂಚೆ, ಗೌರಿ ಹಬ್ಬದಿಂದ ದೀಪಾವಳಿವರೆಗೆ. ಮಳೆ ಪೂರ್ತಿ ಬಿಟ್ಟಿರಲ್ಲ, ಹುಲ್ಲು ಸೊಂಟದ ಮಟ್ಟ ಬೆಳೆದಿರತ್ತೆ, ಗೀಜಗ ಇನ್ನೂ ಗೂಡಲ್ಲೇ ಬಿಝಿ, ಅಷ್ಟರಲ್ಲೇ ಉತ್ತರದ ಹಕ್ಕಿಗಳು ಒಂದೊಂದೇ ಇಳಿಯೋಕೆ ಶುರು.

ನಾನು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಯಾವಾಗ್ಲೂ ಒಂದೇ ದಾರಿ ಹಿಡಿಯೋದು. ಹೊಸ ಜಾಗ ಹುಡುಕ್ಕೊಂಡು ಹೋಗಲ್ಲ, ಯಾಕಂದ್ರೆ ಹೋದ ವಾರ ಇಲ್ಲದ್ದು ಈ ವಾರ ಬಂದಿದೆ ಅಂತ ಗೊತ್ತಾಗ್ಬೇಕು ಅಂದ್ರೆ ಅದೇ ಪೊದೆ, ಅದೇ ಮೋರಿ, ಅದೇ ಮರ ನೋಡ್ತಾ ಇರ್ಬೇಕು. ಬೆಳಕು ಹರಿದ್ಮೇಲೇ ಹೊರಡ್ತೀನಿ. ಚಿರತೆ ಇರೋ ಬೆಟ್ಟ ಸ್ವಾಮಿ, ಕತ್ತಲಲ್ಲಿ ಹೀರೋ ಆಗೋದು ಬೇಡ.

ಈ ದಾರಿಯಲ್ಲಿ ವಲಸೆ ಹಕ್ಕಿಗಳಲ್ಲಿ ಮೊದಲು ಹಾಜರಿ ಹಾಕೋದು ಬೂದು ಸಿಪಿಲೆ, ಸೆಪ್ಟೆಂಬರ್ ಶುರುವಲ್ಲೇ. ನಮ್ಮೂರಲ್ಲೇ ಇರೋ ಸಿಪಿಲೆ ಕಪ್ಪು ಬಿಳುಪು, ಹುಬ್ಬು ಎದ್ದು ಕಾಣೋ ಬಿಳಿ. ಇದು ಬೆನ್ನು ಬೂದು, ಬಾಲದ ಬುಡದಲ್ಲಿ ನಿಂಬೆ ಹಳದಿ, ನಿಂತಲ್ಲಿ ನಿಲ್ಲದೆ ಬಾಲ ಕುಣಿಸ್ತಾನೇ ಇರತ್ತೆ. ಆಮೇಲೆ ಲಂಟಾನ ಪೊದೆ ಒಳಗಿಂದ ‘ಚಕ್, ಚಕ್’ ಅಂತ ಒಂದೇ ಸಮ ಕೇಳಿಸತ್ತೆ, ಅದು ಬ್ಲಿತ್ಸ್ ರೀಡ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿ. ಪೂರ್ವ ಯುರೋಪು, ಮಧ್ಯ ಏಷ್ಯಾದಲ್ಲಿ ಮರಿ ಮಾಡಿ ಚಳಿ ಕಳೆಯೋಕೆ ಹೆಚ್ಚುಕಮ್ಮಿ ಎಲ್ಲಾ ನಮ್ಮ ಕಡೆಗೇ ಬರ್ತವೆ. ಕಣ್ಣಿಗೆ ಬೀಳೋದು ಅಪರೂಪ, ಹಾಗಾಗಿ ಕ್ಯಾಮೆರಾ ಇಲ್ದಿದ್ರೂ ನಡಿಯತ್ತೆ, ಕಿವಿ ಇಲ್ದಿದ್ರೆ ಆಗಲ್ಲ.

ಅದೇ ಪೊದೆ ಮಧ್ಯದಲ್ಲೇ ಗೌರಿ ಹೂ ಎದ್ದಿರತ್ತೆ. ಹತ್ರ ಹೋಗಿ ನೋಡಿ, ಅದಕ್ಕೆ ಹಬ್ಬೋಕೆ ಬೇರೆ ಕುಡಿ ಇಲ್ಲ, ಎಲೆ ತುದಿಯೇ ಸುರುಳಿ ಸುತ್ತಿ ಪಕ್ಕದ ಕಡ್ಡಿ ಹಿಡ್ಕೊಂಡಿರತ್ತೆ. 6 ಎಸಳು, ಅಂಚೆಲ್ಲಾ ಅಲೆ ಅಲೆ, ಹಸಿರು ಹಳದಿಯಲ್ಲಿ ಶುರುವಾಗಿ ದಿನ ಕಳೆದಂಗೆ ಕಡುಕೆಂಪಾಗತ್ತೆ, ಅದಕ್ಕೇ ಒಂದೇ ಬಳ್ಳಿಯಲ್ಲಿ ಮೂರ್ನಾಲ್ಕು ಬಣ್ಣದ ಹೂ ಕಾಣೋದು. ಫೋಟೋ ತೆಗೀರಿ, ಕೀಳಬೇಡಿ. ಗೆಡ್ಡೆಯಲ್ಲಿ ಕೊಲ್ಚಿಸಿನ್ ಅನ್ನೋ ವಿಷ ಇದೆ, ಜೀವಕ್ಕೇ ಅಪಾಯ, ಮಕ್ಕಳು ಜೊತೆಗಿದ್ರೆ ಹುಷಾರು.

ಅಕ್ಟೋಬರ್ ಹೊತ್ತಿಗೆ ಹೊಲದ ಬದುವಲ್ಲಿ ಅಣ್ಣೆ ಗಿಡದ ಗುಲಾಬಿ ತೆನೆ, ಹುಲ್ಲಿನ ತೆನೆ ಎಲ್ಲಾ ಬಲಿತಿರತ್ತೆ. ಆಗ ಚುಕ್ಕೆ ರಾಟವಾಳ ನೋಡ್ಬೇಕು! ಹುಲ್ಲಿನ ಕಡ್ಡಿ ಮೇಲೆ ಕೂರತ್ತೆ, ಭಾರಕ್ಕೆ ಕಡ್ಡಿ ಬಾಗತ್ತೆ, ಬಾಗಿದ ಹಾಗೇ ತುದಿಗೆ ಜಾರಿಕೊಂಡು ಹೋಗಿ ಒಂದೊಂದೇ ಕಾಳು ಕೊಕ್ಕಲ್ಲಿ ಸುಲಿದು ತಿನ್ನತ್ತೆ. ಇದನ್ನ ನೋಡಿದ್ಮೇಲೆನೇ ನಾನು ನೋಟ್‌ಬುಕ್‌ನಲ್ಲಿ ಹಕ್ಕಿಗೊಂದು ಪುಟ ಗಿಡಕ್ಕೊಂದು ಪುಟ ಅನ್ನೋದು ಬಿಟ್ಟಿದ್ದು. ಈಗ ತಾರೀಖು ಹಾಕಿ ಯಾವ ಹಕ್ಕಿ, ಯಾವ ಗಿಡದ ಮೇಲೆ, ಏನು ಮಾಡ್ತಿತ್ತು ಅಂತ ಒಂದೇ ಸಾಲಲ್ಲಿ ಬರೀತೀನಿ. ಮನೆಗೆ ಬಂದು ಈಬರ್ಡ್‌ಗೆ, ಅಂದ್ರೆ ಹಕ್ಕಿ ನೋಡೋರು ತಮ್ಮ ಪಟ್ಟಿ ಸೇರಿಸೋ ವೆಬ್‌ಸೈಟ್‌ಗೆ, ಹಾಕ್ತೀನಿ. ಮರ್ಲಿನ್ ಆಪ್ ಕೂಗು ಕೇಳಿ ಹೆಸರು ಹೇಳತ್ತೆ ನಿಜ, ಆದ್ರೆ ನಮ್ಮ ಕಾಜಾಣ ಸಲೀಸಾಗಿ ಶಿಕ್ರಾ ಅನ್ನೋ ಬೇಟೆ ಹಕ್ಕಿಯ ಕೂಗು ಅಣಕಿಸತ್ತೆ, ಆಪ್ ಪಾಪ ನಂಬಿಬಿಡತ್ತೆ. ಕಣ್ಣಲ್ಲಿ ಕಾಣದ್ದನ್ನ, ಕಿವಿಗೆ ಗ್ಯಾರಂಟಿ ಇಲ್ಲದ್ದನ್ನ ಲಿಸ್ಟಿಗೆ ಸೇರಿಸಬೇಡಿ.

ಇದೇ ಟೈಮಲ್ಲಿ ನವರಂಗನೂ ಬರತ್ತೆ, ಮಧ್ಯ ಭಾರತ, ಹಿಮಾಲಯದ ತಪ್ಪಲಿಂದ, ರಾತ್ರಿ ಹೊತ್ತು ಹಾರಿಕೊಂಡು. ಹಸಿರು ಬೆನ್ನು, ಹೊಟ್ಟೆಯ ತಳದಲ್ಲಿ ಕೆಂಪು, ಮೋಟು ಬಾಲ. ಸುಸ್ತಾಗಿ ಮನೆ ಕಾಂಪೌಂಡಲ್ಲಿ, ಬಾಲ್ಕನಿಯಲ್ಲಿ ಬಿದ್ದಿರೋದು ಎಷ್ಟೋ ಸಲ ಆಗತ್ತೆ. ಅಂಥದ್ದು ಸಿಕ್ರೆ ನಾನು ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಕತ್ತಲೆ ಜಾಗದಲ್ಲಿ ಇಡ್ತೀನಿ, ಬಾಯಿಗೆ ನೀರು ಹಾಕಲ್ಲ, ಸೆಲ್ಫಿಯಂತೂ ಇಲ್ಲವೇ ಇಲ್ಲ. ಚೇತರಿಸಿಕೊಂಡಿದ್ರೆ ಬೆಳಗ್ಗೆ ಮರಗಳಿರೋ ಕಡೆ ಡಬ್ಬ ತೆಗೆದ್ರೆ ತಾನೇ ಹೋಗತ್ತೆ. ರೆಕ್ಕೆ ಜೋತು ಬಿದ್ದಿದ್ರೆ ಮಾತ್ರ ಕಾಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.