ಎರಡು ಗಂಟೆ ಹತ್ತು ನಿಮಿಷ, ಎಲ್ಲೂ ಆರದ ಕ್ಯಾಮೆರಾ

ಕಳೆದ ತಿಂಗಳು ಒಂದು ನೃತ್ಯ ಪ್ರದರ್ಶನವನ್ನು ಪರದೆ ಏಳುವುದರಿಂದ ಬೀಳುವವರೆಗೆ ನನ್ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ 4ಕೆಯಲ್ಲೇ ಚಿತ್ರೀಕರಿಸಿದೆ. ಎರಡು ಗಂಟೆ ಹತ್ತು ನಿಮಿಷ. ಶಾಖದ ಎಚ್ಚರಿಕೆಯ ಚಿಹ್ನೆ ಒಮ್ಮೆಯೂ ಮೂಡಲಿಲ್ಲ. "ಅದು ಫೋಟೊ ತೆಗೆಯುವ ಯಂತ್ರ, ಸುಮ್ಮನೆ ಕ್ಯಾಮ್‌ಕಾರ್ಡರ್ ಕೊಂಡುಕೊಳ್ಳಿ" ಎಂದು ಎರಡು ವರ್ಷ ಹೇಳುತ್ತ ಬಂದ ಗೆಳೆಯರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ಸೆಕೆಯ ಸಭಾಂಗಣದಲ್ಲಿ ಕ್ಯಾಮೆರಾ ಕಾದು 22 ಅಥವಾ 24ನೇ ನಿಮಿಷಕ್ಕೆ ತಾನಾಗಿ ಆರಿಹೋಗುತ್ತಿತ್ತು. ಮೆನುವಿನಲ್ಲಿ ತಾನಾಗಿ ಆರುವ ತಾಪಮಾನದ ಮಿತಿಯನ್ನು ಏರಿಸಿದರೆ ಇನ್ನೊಂದು ಎಂಟು ನಿಮಿಷ ಸಿಗುತ್ತಿತ್ತು, ಅಷ್ಟೇ. ಒಂದು ಉಪನ್ಯಾಸದ ಕೊನೆಯ ಕಾಲು ಗಂಟೆ ನನ್ನ ಬಳಿ ಇಲ್ಲವೇ ಇಲ್ಲ. ಆ ಕೆಲಸದ ಹಣವನ್ನು ಪೂರ್ತಿ ಹಿಂದಿರುಗಿಸಿದೆ.

ಮೊದಲು ಮಾಡಿದ ತಪ್ಪು, ಫ್ರೀಜರಿನಲ್ಲಿಟ್ಟ ಜೆಲ್ ಚೀಲವನ್ನು ಹಿಂಬದಿಗೆ ಕಟ್ಟಿದ್ದು. ಹತ್ತು ನಿಮಿಷದಲ್ಲಿ ಕ್ಯಾಮೆರಾದ ಹಿಂದಿನ ಪರದೆಯ ಕೀಲಿನ ಸುತ್ತ ಸಾಸಿವೆ ಕಾಳಿನಂಥ ನೀರಹನಿಗಳು ಸಾಲುಗಟ್ಟಿದವು. ಅಂದೇ ಅದನ್ನು ಬಿಟ್ಟೆ. ಆಮೇಲೆ ವಿದ್ಯುತ್ ಹರಿಸಿದರೆ ತಣ್ಣಗಾಗುವ ಪೆಲ್ಟಿಯರ್ ಫಲಕ ತರಿಸಿದೆ. ಒಂದು ಮುಖ ತಣ್ಣಗಾದಷ್ಟೂ ಇನ್ನೊಂದು ಮುಖ ಕಾಯುತ್ತದೆ. ಆ ಬಿಸಿಯನ್ನು ಹೊರಹಾಕಲು ಮತ್ತೊಂದು ಫ್ಯಾನ್ ಬೇಕು, ಅದಕ್ಕೆ ಮತ್ತೊಂದು ಪವರ್ ಬ್ಯಾಂಕ್. ತೇವವಂತೂ ಇದರಲ್ಲೂ ತಪ್ಪಲಿಲ್ಲ. ಈ ಎರಡು ವರ್ಷಗಳಲ್ಲಿ ಸುರಿದ ಹಣಕ್ಕೆ ಒಂದು ಒಳ್ಳೆಯ ಹಳೆಯ ಲೆನ್ಸ್ ಬರುತ್ತಿತ್ತು.

ಶಾಖ ಎಲ್ಲಿಂದ ಬರುತ್ತದೆ ಎಂದು ಅಳೆಯಲು ಕುಳಿತ ಮೇಲೆ ದಾರಿ ಕಂಡಿತು. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ತಪ್ಪು ಅಂಕಿ ತೋರಿಸುತ್ತದೆ. ಹಾಗಾಗಿ ಅಲ್ಲಲ್ಲಿ ಕಪ್ಪು ಟೇಪಿನ ಚಿಕ್ಕ ಚೂರುಗಳನ್ನು ಅಂಟಿಸಿ ನೋಡಿದೆ. ಪರದೆಯ ಹಿಂದಿನ ಗುಳಿಯಲ್ಲಿ ಸುಮಾರು 50 ಡಿಗ್ರಿ, ಮೆಮೊರಿ ಕಾರ್ಡಿನ ಬಾಗಿಲ ಬಳಿ ಅದಕ್ಕಿಂತ ಒಂದೆರಡು ಹೆಚ್ಚು, ಬ್ಯಾಟರಿಯ ಕಡೆ 45ರ ಆಸುಪಾಸು. ಕೈ ನಡುಕ ಸರಿದೂಗಿಸಲು ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಅಲುಗಾಡುವ ಸ್ಟೆಬಿಲೈಸೇಷನ್ ಇರುವ ಕ್ಯಾಮೆರಾಗಳಲ್ಲಿ ಅದರ ಶಾಖ ಹೊರಕವಚಕ್ಕೆ ನೇರವಾಗಿ ಇಳಿಯುವುದೂ ಕಷ್ಟ. ಪರದೆಯನ್ನು ಮಡಚಿ ಇಟ್ಟರೆ ಶಾಖ ಹೊರಹೋಗಲು ಇರುವ ಒಂದು ಕಿಟಕಿಯನ್ನೂ ನಾವೇ ಮುಚ್ಚಿದಂತೆ.

ಈಗ ಪರದೆ ಯಾವಾಗಲೂ ಬದಿಗೆ ತೆರೆದಿರುತ್ತದೆ. ಬ್ಯಾಟರಿಯ ಜಾಗದಲ್ಲಿ ಡಮ್ಮಿ ಬ್ಯಾಟರಿ, ಅಂದರೆ ಹೊರಗಿನಿಂದ ತಂತಿಯಲ್ಲಿ ವಿದ್ಯುತ್ ತರುವ ಬ್ಯಾಟರಿ ಆಕಾರದ ಡಬ್ಬಿ. ಇದರಲ್ಲಿ ಮಾತ್ರ ಅಗ್ಗದ್ದಕ್ಕೆ ಕೈ ಹಾಕಬೇಡಿ: ನನ್ನ ಮೊದಲನೆಯದು ರೆಕಾರ್ಡಿಂಗ್ ನಡುವೆ ವೋಲ್ಟೇಜ್ ಕುಸಿದು ಕ್ಯಾಮೆರಾವನ್ನು ಆರಿಸಿತು, ಮುಚ್ಚದೇ ಉಳಿದ ಆ ಫೈಲ್ ತೆರೆಯಲೇ ಇಲ್ಲ. ಪರದೆ ಸರಿದ ಗುಳಿಯಲ್ಲಿ ಶಾಖ ದಾಟಿಸುವ ತೆಳು ಥರ್ಮಲ್ ಪ್ಯಾಡ್, ಅದರ ಮೇಲೆ ಆ ಶಾಖವನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ಹೀಟ್ ಸಿಂಕ್, ಅದಕ್ಕೆ 40 ಮಿಲಿಮೀಟರ್ ಫ್ಯಾನ್. 5 ವೋಲ್ಟಿನ ಫ್ಯಾನನ್ನು ಸುಮಾರು ಮೂರೂವರೆ ವೋಲ್ಟಿನಲ್ಲಿ ಓಡಿಸುತ್ತೇನೆ. ವೇಗ ಹೆಚ್ಚಿಸಿದರೆ ಒಂದೆರಡು ಡಿಗ್ರಿ ಇಳಿಯಬಹುದು, ಆದರೆ ಮೈಕಿಗೆ ಗುಂಯ್‌ಗುಟ್ಟುವ ಸದ್ದು ಸೇರುತ್ತದೆ. ಕವಚದ ಮೇಲೆ ಒಂದು ಗೀರೂ ಬೀಳದಂತೆ ಹೀಟ್ ಸಿಂಕನ್ನು ಹೇಗೆ ಬಿಗಿದಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ಹಿಡಿಕೆಗೆ ಹನ್ನೊಂದು ಮಾದರಿ ಮಾಡಿ ಎಸೆದಿದ್ದೇನೆ. ಕ್ಯಾಮೆರಾವನ್ನು ಬಿಚ್ಚಿಲ್ಲ, ವಾರಂಟಿ ಹಾಗೇ ಇದೆ.

ನಡುವೆ ಬೇರೆ ಕೆಲವನ್ನೂ ನೋಡಿದೆ. ಸೆಕೆಂಡಿಗೆ 60 ಫ್ರೇಮ್ ಬಿಟ್ಟು 25ಕ್ಕೆ ಇಳಿದರೆ ಯಾವ ಉಪಕರಣವೂ ಇಲ್ಲದೆ ಆರುವ ಸಮಯ ಹೆಚ್ಚುಕಡಿಮೆ ಇಮ್ಮಡಿಯಾಯಿತು. ವಿಡಿಯೊವನ್ನು ಕೇಬಲ್ ಮೂಲಕ ಹೊರಗಿನ ರೆಕಾರ್ಡರಿಗೆ ಕಳಿಸಿದಾಗ ಕಾರ್ಡಿನ ಬಿಸಿ ತಪ್ಪಿತು, ಆದರೆ ಮೈಕ್ರೊ ಎಚ್‌ಡಿಎಂಐ ಕನೆಕ್ಟರ್ ಒಮ್ಮೆ ಸಡಿಲವಾದ ಮೇಲೆ ನಂಬಿಕೆ ಹೋಯಿತು. ಬಿಸಿಲಿನಲ್ಲಿ ಕಪ್ಪು ಕವಚದ ಮೇಲೆ ಎರಡು ಬೆರಳು ಎತ್ತರಕ್ಕೆ ಬಿಳಿ ಬಟ್ಟೆ ಚಾಚಿದಾಗ ಏಳೆಂಟು ಡಿಗ್ರಿ ಇಳಿದದ್ದು ನನಗೇ ಅಚ್ಚರಿ. ಮೈಗೆ ತಾಗಿಸಿ ಹೊದಿಸಿದರೆ ಮಾತ್ರ ಶಾಖ ಒಳಗೇ ಉಳಿಯುತ್ತದೆ.

ಆ ನೃತ್ಯ ಮುಗಿದಾಗ ಕಾರ್ಡಿನ ಬಾಗಿಲ ಬಳಿ 44 ಡಿಗ್ರಿ ಇತ್ತು. ಮುಂದಿನ ಕೆಲಸ ತೆರೆದ ಮೈದಾನದಲ್ಲಿ, ನಡುಮಧ್ಯಾಹ್ನ. ಬಿಳಿ ಬಟ್ಟೆಗೆ ತಂತಿಯ ಚೌಕಟ್ಟು ಬಗ್ಗಿಸುತ್ತ ಕುಳಿತಿದ್ದೇನೆ.