ಕೆಂಪು ಬಂದರೆ ನಂಬುವಂತಿರಬೇಕು: ನಮ್ಮ ತಂಡದಲ್ಲಿ ಸಿಐ ಕಟ್ಟಿದ ಅನುಭವ

ನಾನು ಸೇರಿದಾಗ ನಮ್ಮ ತಂಡದಲ್ಲಿ ಟೆಸ್ಟ್‌ಗಳಿಗೇನೂ (ಕೋಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂಗಳು) ಕೊರತೆ ಇರಲಿಲ್ಲ. ಸರ್ವರ್ ಭಾಗ ಪೈಥಾನ್‌ನಲ್ಲಿತ್ತು, ವೆಬ್ ಭಾಗ ಟೈಪ್‌ಸ್ಕ್ರಿಪ್ಟ್‌ನಲ್ಲಿ. ಎರಡಕ್ಕೂ ಟೆಸ್ಟ್ ಬರೆದಿದ್ದರು. ಅವನ್ನು ಯಾರು, ಯಾವಾಗ ಓಡಿಸಬೇಕು ಅನ್ನುವುದು ಮಾತ್ರ ಎಲ್ಲೂ ಗೊತ್ತುಮಾಡಿರಲಿಲ್ಲ. ಒಬ್ಬೊಬ್ಬರೂ ವಾರಗಟ್ಟಲೆ ತಮ್ಮ ತಮ್ಮ ಬ್ರಾಂಚ್‌ನಲ್ಲೇ, ಅಂದರೆ ಕೋಡಿನ ಪ್ರತ್ಯೇಕ ಕವಲಿನಲ್ಲೇ, ಕೆಲಸ ಮಾಡುತ್ತಿದ್ದರು. ರಿಲೀಸ್ ಹತ್ತಿರ ಬಂದಾಗ ಎಲ್ಲವನ್ನೂ ಒಟ್ಟಿಗೆ ಮರ್ಜ್ ಮಾಡಲು ಹೋಗಿ ಗೋಳು ಶುರುವಾಗುತ್ತಿತ್ತು. ಯಾವುದರಿಂದ ಯಾವುದು ಕೆಟ್ಟಿತು ಅಂತ ಹುಡುಕುವುದರಲ್ಲೇ ದಿನ ಮುಗಿಯುತ್ತಿತ್ತು.

ಕಂಟಿನ್ಯುಯಸ್ ಇಂಟಿಗ್ರೇಶನ್, ಅಂದರೆ ಸಿಐ, ಇದಕ್ಕೆ ಇರುವ ಹಳೆಯ ಪರಿಹಾರ: ಎಲ್ಲರ ಕೋಡನ್ನೂ ಆಗಾಗ ಸೇರಿಸಿ, ಪ್ರತಿ ಸಲವೂ ಟೆಸ್ಟ್ ಓಡಿಸಿ ನೋಡುವುದು. 1990ರ ದಶಕದ ಕೊನೆಯಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯವರು ಇದನ್ನು ಮಾಡುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಕೋಡ್ ಸೇರಿಸುವುದಕ್ಕೆ ಅಂತಲೇ ಒಂದು ಕಂಪ್ಯೂಟರ್ ಇಡುತ್ತಿದ್ದರು. ಬರೆದವರು ಅಲ್ಲಿ ಹೋಗಿ ಕೂರಬೇಕು, ತಮ್ಮ ಕೋಡ್ ಸೇರಿಸಬೇಕು, ಎಲ್ಲ ಟೆಸ್ಟ್ ಓಡಿಸಬೇಕು. ಎಲ್ಲವೂ ಪಾಸಾದ ಮೇಲೆಯೇ ಏಳಬೇಕು. ಇದನ್ನು ತಾನಾಗಿ ಮಾಡುವ ಕ್ರೂಸ್‌ಕಂಟ್ರೋಲ್ ಥರದ ಸಾಫ್ಟ್‌ವೇರ್ ಬಂದದ್ದು 2001ರಲ್ಲಿ. ಅಂಥದ್ದೇ ಇನ್ನೊಂದು ಟೂಲ್ ಜೆಂಕಿನ್ಸ್‌ಗೆ ಆ ಹೆಸರು ಸಿಕ್ಕಿದ್ದು 2011ರಲ್ಲಿ. ಅಂದರೆ ಟೂಲ್‌ಗಿಂತ ಮೊದಲೇ ಅಭ್ಯಾಸ ಇತ್ತು. ನಮ್ಮ ತಂಡಕ್ಕೆ ಸಿಐ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಹಾಗಾಗಿ ಟೂಲ್ ಆಯ್ಕೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಕೋಡ್ ಆಗಲೇ ಗಿಟ್‌ಹಬ್ ಅನ್ನುವ ಕೋಡ್ ಇಡುವ ತಾಣದಲ್ಲಿತ್ತು, ಅದರದ್ದೇ ಸಿಐ ಆದ ಗಿಟ್‌ಹಬ್ ಆಕ್ಷನ್ಸ್ ಬಳಸಿದೆವು. ನಿಮ್ಮ ಕೋಡ್ ಗಿಟ್‌ಲ್ಯಾಬ್‌ನಲ್ಲಿದ್ದರೆ ಅದರದ್ದೇ ಸಿಐ ಇದೆ, ಸ್ವಂತ ಸರ್ವರ್ ಬೇಕಾದರೆ ಜೆಂಕಿನ್ಸ್ ಇದೆ. ಎಲ್ಲದರ ಒಳಗೂ ನಡೆಯುವುದು ಒಂದೇ. ಒಂದು ಮೆಷೀನ್ ಕೆಲಸಕ್ಕೆ ಏಳುತ್ತದೆ, ನೀವು ಕೊಟ್ಟ ಕಮಾಂಡ್‌ಗಳನ್ನು ಓಡಿಸುತ್ತದೆ, ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಹಿಂದಿರುಗಿಸುವ ಸಂಖ್ಯೆ) ನೋಡುತ್ತದೆ. 0 ಬಂದರೆ ಹಸಿರು, ಬೇರೆ ಏನು ಬಂದರೂ ಕೆಂಪು. ಇಷ್ಟು ತಿಳಿದರೆ ಒಂದು ಒಳ್ಳೆಯ ಅಭ್ಯಾಸ ತಾನಾಗಿ ಹೊಳೆಯುತ್ತದೆ. ಕಮಾಂಡ್‌ಗಳನ್ನೆಲ್ಲ ಸಿಐನ ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನೊಳಗೆ ತುರುಕಬಾರದು. ಕೋಡ್ ಇರುವ ರೆಪೊಸಿಟರಿಯಲ್ಲೇ ಒಂದು ಸ್ಕ್ರಿಪ್ಟ್ ಬರೆದಿಡಬೇಕು, ಸಿಐ ಅದನ್ನು ಕರೆಯಬೇಕು. ನಾವು ಹೀಗೆ ಮಾಡಿದ್ದರಿಂದ ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದೂ ಸಿಐ ಓಡಿಸುವುದೂ ಒಂದೇ ಆಯಿತು. "ನನ್ನ ಮೆಷೀನ್‌ನಲ್ಲಿ ಓಡ್ತಾ ಇದೆಯಲ್ಲ" ಅನ್ನುವ ಮಾತು ಅರ್ಧಕ್ಕರ್ಧ ಅಲ್ಲೇ ನಿಂತಿತು.

ಮೊದಲ ಹಂತದಲ್ಲಿ ಟೆಸ್ಟ್ ಹಾಕಲೇ ಇಲ್ಲ. ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ತರುವುದು), ಲಿಂಟರ್ (ಕೋಡನ್ನು ಓಡಿಸದೆಯೇ ತಪ್ಪು ಹಿಡಿಯುವ ಟೂಲ್), ಫಾರ್ಮ್ಯಾಟರ್ (ಕೋಡಿನ ಜೋಡಣೆ ಸರಿಮಾಡುವ ಟೂಲ್) ಅಷ್ಟೇ. ಪೈಥಾನ್‌ಗೆ ರಫ್, ಟೈಪ್‌ಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್. ಫಾರ್ಮ್ಯಾಟರ್ ತಂದ ದಿನ ಇಡೀ ಕೋಡನ್ನು ಒಂದೇ ಕಮಿಟ್‌ನಲ್ಲಿ (ಕೋಡಿನ ಇತಿಹಾಸ ಇಡುವ ಗಿಟ್ ಅನ್ನುವ ಟೂಲ್‌ನಲ್ಲಿ ದಾಖಲಾಗುವ ಒಂದು ಬದಲಾವಣೆ) ಸರಿಮಾಡಿದೆವು. ಹೀಗೆ ಮಾಡಿದರೆ ಯಾವ ಸಾಲು ಯಾರು ಬರೆದರು ಅಂತ ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಪ್ರತಿ ಸಾಲಿಗೂ ಆ ಕಮಿಟ್ಟೇ ಕಾಣುತ್ತದೆ ಅನ್ನುವ ಹೆದರಿಕೆ ಹಲವರಿಗೆ ಇರುತ್ತದೆ. ಗಿಟ್‌ನ 2.23 ಆವೃತ್ತಿಯಿಂದ ಇದಕ್ಕೆ ದಾರಿ ಇದೆ. ಬಿಟ್ಟುಬಿಡಬೇಕಾದ ಕಮಿಟ್‌ಗಳ ಹ್ಯಾಶ್‌ಗಳನ್ನು, ಅಂದರೆ ಗುರುತಿನ ಸಂಖ್ಯೆಗಳನ್ನು, ಒಂದು ಫೈಲಿನಲ್ಲಿ ಬರೆದು ಗಿಟ್‌ಗೆ ತೋರಿಸಿದರೆ, ಬ್ಲೇಮ್ ಅವನ್ನು ದಾಟಿ ನಿಜವಾಗಿ ಬರೆದವರನ್ನು ತೋರಿಸುತ್ತದೆ. ಅಲ್ಲಿಂದ ಮುಂದೆ, ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ನೋಡುವ ರಿವ್ಯೂನಲ್ಲಿ ಸ್ಪೇಸ್, ಕಾಮಾ, ಸಾಲಿನ ಉದ್ದ ಅಂತ ಯಾರೂ ಬರೆಯಲಿಲ್ಲ. ರಿವ್ಯೂ ಮಾಡುವವರ ಗಮನ ತರ್ಕದ ಮೇಲೆ ಹೋಯಿತು. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಲಾಭ ಇಡೀ ಕೆಲಸದಲ್ಲಿ ಬೇರೆ ಯಾವುದರಿಂದಲೂ ಸಿಗಲಿಲ್ಲ.

ಆಮೇಲೆ ಟೆಸ್ಟ್‌ಗಳನ್ನು ಹಾಕಿದೆವು. ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ.

ನಮ್ಮ ಟೆಸ್ಟ್‌ಗಳು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಮೇಲೆ ಓಡುತ್ತಿದ್ದವು, ಪ್ರೊಡಕ್ಷನ್‌ನಲ್ಲಿ, ಅಂದರೆ ಬಳಕೆದಾರರು ನಿಜವಾಗಿ ಬಳಸುವ ಕಡೆ, ಇದ್ದದ್ದು ಪೋಸ್ಟ್‌ಗ್ರೆಸ್ ಅನ್ನುವ ಬೇರೆ ಡೇಟಾಬೇಸ್. ಸೆಟಪ್ ಸುಲಭ ಅಂತ ಹಾಗೆ ಮಾಡಿಕೊಂಡಿದ್ದರು. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಲೈಕ್ ಅನ್ನುವ ಹುಡುಕಾಟ ಇಂಗ್ಲಿಷ್‌ನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡನ್ನೂ ಒಂದೇ ಅಂತ ನೋಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗಲ್ಲ, ಅಲ್ಲಿ ಅದಕ್ಕೆ ಐಲೈಕ್ ಬಳಸಬೇಕು. ಹೆಸರು ಹುಡುಕುವ ಪುಟದ ಟೆಸ್ಟ್ ಸದಾ ಪಾಸ್, ಬಳಕೆದಾರರಿಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಸಿಐನಲ್ಲಿ ಸರ್ವಿಸ್ ಕಂಟೇನರ್ ಅಂತ ಒಂದು ಸೌಲಭ್ಯ ಇದೆ. ಟೆಸ್ಟ್ ಶುರುವಾಗುವ ಮೊದಲು ನಿಜವಾದ ಪೋಸ್ಟ್‌ಗ್ರೆಸ್ ಒಂದನ್ನು ಪಕ್ಕದಲ್ಲೇ ಎಬ್ಬಿಸಿ ಕೊಡುತ್ತದೆ. ಪ್ರೊಡಕ್ಷನ್‌ನಲ್ಲಿರುವ ಅದೇ ಆವೃತ್ತಿಯನ್ನೇ ಅಲ್ಲಿ ಹಾಕಿದೆವು. ಅದುವರೆಗೆ ಹಸಿರಾಗಿದ್ದ ಎಷ್ಟೋ ಟೆಸ್ಟ್‌ಗಳು ಕೆಂಪಾದವು. ಬಹುಪಾಲು ನಿಜವಾದ ಬಗ್‌ಗಳೇ.

ಇದಾದ ಮೇಲೆ ಫ್ಲೇಕಿ ಟೆಸ್ಟ್‌ಗಳ ಕಾಟ. ಒಮ್ಮೆ ಪಾಸ್, ಒಮ್ಮೆ ಫೇಲ್, ನಡುವೆ ಕೋಡ್ ಮಾತ್ರ ಒಂದಕ್ಷರವೂ ಬದಲಾಗಿರುವುದಿಲ್ಲ. ಒಂದೊಂದನ್ನೇ ನೋಡಿದರೆ ಸಣ್ಣ ವಿಷಯ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಟೆಸ್ಟ್ ಸಾವಿರ ಸಲಕ್ಕೆ ಒಮ್ಮೆ ಸುಮ್ಮಸುಮ್ಮನೆ ಫೇಲ್ ಆಗುತ್ತದೆ ಅಂದುಕೊಳ್ಳಿ. ಅಂಥ 500 ಟೆಸ್ಟ್ ಇದ್ದರೆ, ಸರಿಯಾದ ಕೋಡ್ ಕೊಟ್ಟರೂ 100ರಲ್ಲಿ ಸುಮಾರು 39 ಸಲ ಬಿಲ್ಡ್ ಕೆಂಪಾಗುತ್ತದೆ. ಆಗ ಜನ ಏನು ಮಾಡುತ್ತಾರೆ? ಲಾಗ್ ಓದುವುದಿಲ್ಲ, ರೀರನ್ ಬಟನ್ ಒತ್ತುತ್ತಾರೆ. ನಮ್ಮ ತಂಡದ ಚಾಟ್‌ನಲ್ಲೂ "ಅದು ಹಾಗೇ, ಇನ್ನೊಂದು ಸಲ ಓಡಿಸಿ ನೋಡಿ" ಅನ್ನುವುದು ಮಾಮೂಲಿ ಉತ್ತರವಾಗಿತ್ತು. ಕೆಂಪಿಗೆ ಬೆಲೆ ಇಲ್ಲದೆ ಹೋದರೆ ಸಿಐ ಇದ್ದೂ ಇಲ್ಲದ ಹಾಗೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಕೆಂಪು ಬಂದರೆ ಎಲ್ಲರೂ ನಂಬಬೇಕು, ನಂಬಿ ಎದ್ದು ನೋಡಬೇಕು.

ಅದರಲ್ಲಿ ಒಂದು ಟೆಸ್ಟ್ ನನಗೆ ಚೆನ್ನಾಗಿ ನೆನಪಿದೆ. ಮೂರು ಆರ್ಡರ್ ಸೃಷ್ಟಿಸಿ, ಮೊದಲನೆಯದರ ಹಣ ಪಾವತಿಯಾಗಿದೆ ಅಂತ ಗುರುತು ಹಾಕಿ, ಪಟ್ಟಿ ಕೇಳುತ್ತಿತ್ತು. ಕೆಲವು ಸಲ ಆರ್ಡರ್‌ಗಳು ಹಿಂದುಮುಂದಾಗಿ ಬಂದು ಫೇಲ್. ಡೇಟಾಬೇಸ್‌ಗೆ ಕಳಿಸುವ ಕ್ವೆರಿ ತೆಗೆದು ನೋಡಿದರೆ ಅದರಲ್ಲಿ ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಇರಲಿಲ್ಲ. ಅದು ಇಲ್ಲದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನುವುದಕ್ಕೆ ಪೋಸ್ಟ್‌ಗ್ರೆಸ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಂದು ಸಾಲನ್ನು ಅಪ್‌ಡೇಟ್ ಮಾಡುವಾಗ ಅದು ಹಳೆಯದನ್ನು ಇದ್ದಲ್ಲೇ ತಿದ್ದುವುದಿಲ್ಲ, ಹೊಸ ಪ್ರತಿಯೊಂದನ್ನು ಬರೆಯುತ್ತದೆ. ಆ ಪ್ರತಿ ಎಲ್ಲಿ ಕೂರುತ್ತದೆ ಅನ್ನುವುದು ಆಗ ಎಲ್ಲಿ ಜಾಗ ಖಾಲಿ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಹಿಂದೆ ಓಡಿದ ಟೆಸ್ಟ್‌ಗಳು ಅಳಿಸಿದ ಸಾಲುಗಳ ಜಾಗ ಒಮ್ಮೊಮ್ಮೆ ಬಿಡುಗಡೆ ಆಗಿರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಹಾಗಾಗಿ ಫಲಿತಾಂಶವೂ ಹಾಗೇ.

ಇಲ್ಲಿಗೆ ನಿಲ್ಲಿಸಿದ್ದರೆ ಟೆಸ್ಟ್‌ನಲ್ಲಿ ಕ್ರಮ ನೋಡದ ಹಾಗೆ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದೇ ಕ್ವೆರಿ ಪುಟಪುಟವಾಗಿ ಪಟ್ಟಿ ತೋರಿಸುವ ಕಡೆಯೂ ಇತ್ತು. ಕ್ರಮ ಖಚಿತವಿಲ್ಲದೆ ಪುಟ ಮಾಡಿದರೆ ಒಂದೇ ಆರ್ಡರ್ ಮೊದಲ ಪುಟದಲ್ಲೂ ಎರಡನೆಯದರಲ್ಲೂ ಬರಬಹುದು, ಇನ್ನೊಂದು ಎಲ್ಲೂ ಕಾಣದೆ ಹೋಗಬಹುದು. ಕೆಲವು ಆರ್ಡರ್ ಪಟ್ಟಿಯಲ್ಲಿ ಕಾಣೆಯಾಗುತ್ತಿವೆ ಅಂತ ಬಳಕೆದಾರರಿಂದ ದೂರು ಬರುತ್ತಲೇ ಇತ್ತು, ಯಾರಿಗೂ ಅದನ್ನು ಮತ್ತೆ ಮಾಡಿ ತೋರಿಸಲು ಆಗಿರಲಿಲ್ಲ. ನಾವು ಫ್ಲೇಕಿ ಅಂತ ಬದಿಗೆ ತಳ್ಳುತ್ತಿದ್ದ ಟೆಸ್ಟ್ ಅದನ್ನೇ ಹೇಳುತ್ತಿತ್ತು! ತಂಡದ ಮನಸ್ಸು ಬದಲಾದದ್ದು ಇದರಿಂದಲೇ ಅಂತ ನನ್ನ ನಂಬಿಕೆ. ನಾನು ಎಷ್ಟು ಸ್ಲೈಡ್ ತೋರಿಸಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ನಂತರ ಒಂದು ನಿಯಮ ಮಾಡಿಕೊಂಡೆವು. ಕಾರಣವಿಲ್ಲದೆ ಫೇಲ್ ಆದ ಟೆಸ್ಟ್‌ಗೆ ಒಂದು ಗುರುತು ಹಾಕಿ ಬೇರೆ ಜಾಬ್‌ಗೆ (ಸಿಐನಲ್ಲಿ ಪ್ರತ್ಯೇಕವಾಗಿ ಓಡುವ ಕೆಲಸ) ಕಳಿಸುವುದು. ಆ ಜಾಬ್ ಕೆಂಪಾದರೂ ಮರ್ಜ್ ನಿಲ್ಲುವುದಿಲ್ಲ. ಆದರೆ ಪ್ರತಿಯೊಂದಕ್ಕೂ ಒಂದು ಟಿಕೆಟ್, ಒಬ್ಬರ ಹೆಸರು, ಒಂದು ಗಡುವು ಇರಲೇಬೇಕು. ಗಡುವು ಮುಗಿದರೆ ಸರಿಮಾಡಬೇಕು, ಇಲ್ಲವೇ ಅಳಿಸಬೇಕು. ಅಳಿಸುವುದಕ್ಕೆ ಮನಸ್ಸು ಬರುವುದಿಲ್ಲ, ನಿಜ. ಯಾರೂ ನಂಬದ ಟೆಸ್ಟ್ ಇಟ್ಟುಕೊಂಡರೆ ಪಕ್ಕದ ಒಳ್ಳೆಯ ಟೆಸ್ಟ್‌ನ ಮರ್ಯಾದೆಯೂ ಹೋಗುತ್ತದೆ. ಜೊತೆಗೆ ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್‌ನ ರ‍್ಯಾಂಡಮ್ಲಿ ಪ್ಲಗಿನ್ ಹಾಕಿದೆವು. ಪ್ರತಿ ಸಲ ಟೆಸ್ಟ್‌ಗಳ ಕ್ರಮವನ್ನು ಕಲಸಿ ಓಡಿಸುತ್ತದೆ, ಬಳಸಿದ ಸೀಡ್ ಸಂಖ್ಯೆಯನ್ನು ಲಾಗ್‌ನಲ್ಲಿ ಬರೆಯುತ್ತದೆ. ಆ ಸಂಖ್ಯೆ ಕೊಟ್ಟು ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಅದೇ ಕ್ರಮ ಸಿಗುತ್ತದೆ. ಒಂದು ಟೆಸ್ಟ್ ಬಿಟ್ಟುಹೋದ ಡೇಟಾ ಮೇಲೆ ಇನ್ನೊಂದು ನಿಂತಿದ್ದರೆ ಬೇಗ ಸಿಕ್ಕಿಬೀಳುತ್ತದೆ.

ಇನ್ನು ವೇಗ. ಬಿಲ್ಡ್ 10 ನಿಮಿಷದೊಳಗೆ ಮುಗಿಯಬೇಕು ಅನ್ನುವ ಮಾತು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನವರದ್ದೇ, ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಜನ ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ, ಮತ್ತೆ ಬರುವ ಹೊತ್ತಿಗೆ ಏನು ಬರೆದಿದ್ದೆವು ಅನ್ನುವುದೇ ಮರೆತಿರುತ್ತದೆ. ನಮ್ಮದು ಶುರುವಿನಲ್ಲಿ ಅದರ ಎಷ್ಟೋ ಪಟ್ಟು ಹಿಡಿಯುತ್ತಿತ್ತು. ಸಮಯ ಹೋಗುತ್ತಿದ್ದದ್ದು ಲೈಬ್ರರಿಗಳನ್ನು ಇಳಿಸಿ ಇನ್‌ಸ್ಟಾಲ್ ಮಾಡುವುದರಲ್ಲಿ. ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಅಂತ ಬರೆದಿರುವ ಲಾಕ್‌ಫೈಲಿನ ಹ್ಯಾಶ್ ಅನ್ನೇ ಕೀಲಿಯಾಗಿ ಇಟ್ಟು ಕ್ಯಾಶ್ ಮಾಡಿದೆವು, ಅಂದರೆ ಇಳಿಸಿದ್ದನ್ನು ಉಳಿಸಿಟ್ಟುಕೊಂಡೆವು. ಲಾಕ್‌ಫೈಲ್ ಬದಲಾಗದಿದ್ದರೆ ಹಳೆಯದೇ ಸಿಗುತ್ತದೆ. ಟೆಸ್ಟ್‌ಗಳನ್ನು ಎಕ್ಸ್‌ಡಿಸ್ಟ್ ಅನ್ನುವ ಪೈಟೆಸ್ಟ್ ಪ್ಲಗಿನ್ ಬಳಸಿ ಏಕಕಾಲಕ್ಕೆ ಓಡುವ ಹಲವು ವರ್ಕರ್‌ಗಳಿಗೆ ಹಂಚಿದೆವು, ಪ್ರತಿ ವರ್ಕರ್‌ಗೂ ಬೇರೆ ಬೇರೆ ಡೇಟಾಬೇಸ್. ಲಿಂಟರ್ ಮೊದಲು ಓಡುತ್ತದೆ, ಅಲ್ಲೇ ಕೆಂಪಾದರೆ ಮುಂದಿನದ್ದು ಶುರುವೇ ಆಗುವುದಿಲ್ಲ. ಅದೇ ಬ್ರಾಂಚ್‌ಗೆ ಹೊಸ ಕಮಿಟ್ ಪುಶ್ ಮಾಡಿದರೆ ಹಳೆಯ ಓಟ ತಾನಾಗಿ ರದ್ದಾಗುತ್ತದೆ.

ಎರಡು ಹಸಿರು ಸೇರಿ ಕೆಂಪಾಗುವುದೂ ಉಂಟು. ಒಬ್ಬರು ಒಂದು ಫಂಕ್ಷನ್‌ನ ಹೆಸರು ಬದಲಿಸಿ, ಅದನ್ನು ಬಳಸುವ ಕಡೆಯೆಲ್ಲ ತಿದ್ದಿರುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಹೊಸ ಫೈಲಿನಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಕರೆದಿರುತ್ತಾರೆ. ಇಬ್ಬರ ಪುಲ್ ರಿಕ್ವೆಸ್ಟ್‌ಗಳೂ (ಮರ್ಜ್ ಮಾಡಿ ಅಂತ ಕಳಿಸಿದ ಬದಲಾವಣೆಗಳು) ಪಾಸ್. ಸಾಲುಗಳು ಬೇರೆ ಬೇರೆ, ಹಾಗಾಗಿ ಗಿಟ್‌ಗೂ ಯಾವ ತಕರಾರು ಕಾಣುವುದಿಲ್ಲ. ಎರಡೂ ಮರ್ಜ್ ಆದ ಮೇಲೆ ಎಲ್ಲರ ಕೋಡ್ ಸೇರುವ ಮೇನ್ ಬ್ರಾಂಚ್ ಮುರಿದು ಬೀಳುತ್ತದೆ. ರಸ್ಟ್ ಭಾಷೆಯ ತಂಡ ಇದಕ್ಕಾಗಿ ಬಾರ್ಸ್ ಅನ್ನುವ ಬಾಟ್ ಬಳಸುತ್ತಾ ಬಂದಿದೆ. ಮರ್ಜ್ ಆದರೆ ಕೋಡ್ ಹೇಗಿರುತ್ತದೋ ಹಾಗೆ ಮೊದಲೇ ಜೋಡಿಸಿ ಟೆಸ್ಟ್ ಮಾಡುತ್ತದೆ, ಪಾಸಾದರೆ ಮಾತ್ರ ಮೇನ್‌ಗೆ ಬಿಡುತ್ತದೆ. ಗಿಟ್‌ಹಬ್‌ನಲ್ಲಿ ಈಗ ಮರ್ಜ್ ಕ್ಯೂ ಅಂತ ಇದೇ ಕೆಲಸ ಮಾಡುವ ಸೌಲಭ್ಯ ಇದೆ. ಅದನ್ನು ಆನ್ ಮಾಡಿದ ಮೇಲೆ ನಮಗೆ ಆ ತೊಂದರೆ ತಪ್ಪಿತು.

ತಂಡದ ಉಳಿದ ಟೂಲ್‌ಗಳ ಬಗ್ಗೆ ಎರಡು ಮಾತು. ಚಾಟ್‌ಗೆ ಸಿಐ ಕಳಿಸುವ ಸಂದೇಶಗಳನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಪ್ರತಿ ಹಸಿರಿಗೂ ಸಂದೇಶ ಬಂದರೆ ಎಲ್ಲರೂ ಆ ಚಾನೆಲ್ ಮ್ಯೂಟ್ ಮಾಡುತ್ತಾರೆ. ಮೇನ್ ಕೆಂಪಾದಾಗ ಮಾತ್ರ, ಅದೂ ಆ ಕಮಿಟ್ ಮಾಡಿದವರ ಹೆಸರು ಹಿಡಿದು, ಫೇಲ್ ಆದ ಟೆಸ್ಟ್‌ನ ಲಿಂಕ್ ಸಮೇತ ಸಂದೇಶ ಹೋಗುವ ಹಾಗೆ ಮಾಡಿದೆವು. ಮೇನ್ ಕೆಂಪಾದರೆ ಮೊದಲು ರಿವರ್ಟ್ (ಆ ಬದಲಾವಣೆಯನ್ನು ಹಿಂತೆಗೆಯುವುದು), ಆಮೇಲೆ ವಿಚಾರಣೆ. ರಿವರ್ಟ್ ಅಂದರೆ ಅವಮಾನ ಅಂತ ಶುರುವಿನಲ್ಲಿ ಕೆಲವರಿಗೆ ಅನ್ನಿಸಿತ್ತು. ತಂಡದ ಹಿರಿಯರು ತಮ್ಮ ಕಮಿಟ್‌ಗಳನ್ನೇ ಎಲ್ಲರಿಗಿಂತ ಮೊದಲು ರಿವರ್ಟ್ ಮಾಡತೊಡಗಿದ ಮೇಲೆ ಆ ಸಂಕೋಚ ಹೋಯಿತು. ಮೇನ್ ಸದಾ ಹಸಿರಾಗಿದ್ದರೆ ಗಿಟ್ ಬೈಸೆಕ್ಟ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. 1000 ಕಮಿಟ್‌ಗಳ ನಡುವೆ ಬಗ್ ತಂದದ್ದು ಯಾವುದು ಅಂತ ಸುಮಾರು 10 ಹೆಜ್ಜೆಯಲ್ಲಿ ಹುಡುಕಿ ಕೊಡುತ್ತದೆ.

ಕವರೇಜ್, ಅಂದರೆ ಟೆಸ್ಟ್‌ಗಳು ಮುಟ್ಟುವ ಕೋಡಿನ ಪಾಲು, ಇಷ್ಟು ಶೇಕಡಾ ಇರಲೇಬೇಕು ಅನ್ನುವ ಬೇಡಿಕೆ ಮೇಲಿನಿಂದ ಬಂತು. ನಾನು ಒಪ್ಪಲಿಲ್ಲ. ಫಲಿತಾಂಶ ಸರಿಯೇ ಅಂತ ನೋಡುವ ಅಸರ್ಟ್ ಒಂದೂ ಇಲ್ಲದೆ ಫಂಕ್ಷನ್‌ಗಳನ್ನು ಸುಮ್ನೆ ಕರೆದು ಬಿಟ್ಟರೂ ಆ ಅಂಕಿ ಏರುತ್ತದೆ, ಅಲ್ವಾ? ಅದರ ಬದಲು, ಈ ಪುಲ್ ರಿಕ್ವೆಸ್ಟ್‌ನಲ್ಲಿ ಬದಲಾದ ಸಾಲುಗಳಲ್ಲಿ ಯಾವುದನ್ನು ಟೆಸ್ಟ್ ಮುಟ್ಟಿಲ್ಲ ಅಂತ ರಿವ್ಯೂ ಪುಟದಲ್ಲೇ ತೋರಿಸಿದೆವು. ತಡೆ ಇಲ್ಲ, ಮಾಹಿತಿ ಅಷ್ಟೇ. ಮುಟ್ಟದ ಸಾಲು ದುಡ್ಡಿನ ಲೆಕ್ಕದ್ದಾಗಿದ್ದರೆ ರಿವ್ಯೂ ಮಾಡುವವರು ತಾವಾಗಿಯೇ ಕೇಳುತ್ತಾರೆ. ಪ್ರೊಡಕ್ಷನ್‌ನಲ್ಲಿ ಸಿಕ್ಕ ಬಗ್‌ಗೆ ಮಾತ್ರ ಕಟ್ಟುನಿಟ್ಟು. ಮೊದಲು ಆ ಬಗ್‌ನಿಂದ ಫೇಲ್ ಆಗುವ ಟೆಸ್ಟ್ ಬರೆಯಬೇಕು, ಆಮೇಲೆ ಕೋಡ್ ತಿದ್ದಬೇಕು.

ಭದ್ರತೆಯ ವಿಷಯ ಒಂದನ್ನು ಬಿಡುವ ಹಾಗಿಲ್ಲ. ಸಿಐ ಹತ್ತಿರ ಪ್ರೊಡಕ್ಷನ್‌ನ ಕೀಲಿಗಳು ಇರುತ್ತವೆ. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಲ್ಲಿ ಬಹಳ ಜನ ಬಳಸುತ್ತಿದ್ದ ಚೇಂಜ್ಡ್ ಫೈಲ್ಸ್ ಅನ್ನುವ ಆಕ್ಷನ್‌ನ (ಸಿಐನಲ್ಲಿ ಬಳಸುವ ಸಿದ್ಧ ಪ್ರೋಗ್ರಾಂ) ಟ್ಯಾಗ್‌ಗಳನ್ನು, ಅಂದರೆ ಆವೃತ್ತಿಯ ಹೆಸರುಗಳನ್ನು, ಯಾರೋ ಕೆಟ್ಟ ಕಮಿಟ್ ಒಂದಕ್ಕೆ ತಿರುಗಿಸಿಬಿಟ್ಟರು. ಅದನ್ನು ಓಡಿಸಿದವರ ಗುಟ್ಟಿನ ಕೀಲಿಗಳು ಲಾಗ್‌ನಲ್ಲಿ ಬಂದು ಬಿದ್ದವು. ಟ್ಯಾಗ್ ಅನ್ನು ಯಾವಾಗ ಬೇಕಾದರೂ ಬೇರೆ ಕಮಿಟ್‌ಗೆ ಸರಿಸಬಹುದು, ಕಮಿಟ್ ಹ್ಯಾಶ್ ಹಾಗಲ್ಲ. ನಾವು ಹೊರಗಿನ ಆಕ್ಷನ್‌ಗಳನ್ನೆಲ್ಲ ಪೂರ್ತಿ ಹ್ಯಾಶ್ ಕೊಟ್ಟೇ ಕರೆಯುತ್ತೇವೆ. ಪ್ರೊಡಕ್ಷನ್ ಕೀಲಿಗಳು, ಕೋಡನ್ನು ಪ್ರೊಡಕ್ಷನ್‌ಗೆ ಕಳಿಸುವ ಡಿಪ್ಲಾಯ್ ಜಾಬ್‌ಗೆ ಮಾತ್ರ ಸಿಗುತ್ತವೆ, ಟೆಸ್ಟ್ ಜಾಬ್‌ಗೆ ಅಲ್ಲ.

ಈಗ ಬ್ರಾಂಚ್‌ಗಳು ಒಂದೆರಡು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಪುಲ್ ರಿಕ್ವೆಸ್ಟ್‌ಗಳು ಸಣ್ಣದಾಗಿವೆ, ಅದರಿಂದ ರಿವ್ಯೂಗಳು ಆಳವಾಗಿವೆ. ರಿಲೀಸ್ ವಾರ ಅಂತ ಬೇರೆ ಇಲ್ಲ. ಬಾಕಿ ಇರುವುದು ಬ್ರೌಸರ್ ತೆರೆದು ಓಡುವ ಎಂಡ್ ಟು ಎಂಡ್ ಟೆಸ್ಟ್‌ಗಳು. ಅವು ನಿಧಾನ, ಹಾಗಾಗಿ ಸದ್ಯಕ್ಕೆ ರಾತ್ರಿ ಮಾತ್ರ ಓಡಿಸುತ್ತೇವೆ. ರಾತ್ರಿಯ ಕೆಂಪನ್ನು ಬೆಳಗ್ಗೆ ಯಾರು ನೋಡಬೇಕು ಅನ್ನುವುದಕ್ಕೆ ಸರದಿ ಹಾಕಿಕೊಂಡಿದ್ದೇವೆ. ಆರ್ಡರ್ ಮಾಡುವುದು, ಹಣ ಕಟ್ಟುವುದು ಈ ಎರಡು ದಾರಿಗಳ ಟೆಸ್ಟ್‌ಗಳನ್ನಾದರೂ ಪ್ರತಿ ಮರ್ಜ್‌ಗೂ ಓಡಿಸುವಷ್ಟು ಚುರುಕು ಮಾಡಬೇಕು ಅಂತ ಈಗ ಕೂತಿದ್ದೇವೆ. ಲಾಗಿನ್ ಪುಟವನ್ನು ಪ್ರತಿ ಟೆಸ್ಟ್‌ನಲ್ಲೂ ಕ್ಲಿಕ್ ಮಾಡಿ ದಾಟುವ ಬದಲು ಲಾಗಿನ್ ಆಗಿದೆ ಅಂತ ತೋರಿಸುವ ಸೆಷನ್ ಕುಕೀಯನ್ನು ನೇರವಾಗಿ ಕೊಡುವುದರಿಂದ ಶುರು ಮಾಡಿದ್ದೇವೆ.